ಮೇಷ್ಟ್ರ ಎಡೆಗೆ ಬಾರದ ಕಾಗೆ

ನಿಜವಾಗ್ಲೂ ನಡ್ದದ್ದು ಕಣ್ರಪ್ಪ ಇದು. ಒಂದಕ್ಷರ ಸುಳ್ಳಿದ್ರೆ ನಾಳೆಯಿಂದ ನನ್ ತಟ್ಟೆಗೆ ಮುದ್ದೆ ಬೀಳ್ದೇ ಓಗ್ಲಿ.

ಮಳವಳ್ಳಿ ಮರಿಸಿದ್ದಯ್ಯ ಮೇಷ್ಟ್ರು ‘ಕೊಕ್ಕರೆ ಬ್ಯಾಲೆ’ ಅಂತ ಒಂದು ಕುಣಿತ ಕಟ್ಟಿದ್ರು. ಕೊಕ್ಕರೆ ಬೆಳ್ಳೂರಲ್ಲಿ ತಿಂಗ್ಳುಗಟ್ಲೆ ಮರದ ಬುಡದಲ್ಲಿ ಕೂತು, ತಲೆ ಮ್ಯಾಲೆಲ್ಲ ಕೊಕ್ಕರೆ ಪಿಚಿಕೆ ಆಕುಸ್ಕಂಡು ಕಲ್ತಿದ್ದು ಅದು. ಅದ್ರಲ್ಲಿ ಕೆಂಪಸಿದ್ದಯ್ಯಂದು ಮರದ ಪಾಲ್ಟು. ಹದಿನೆಂಟು ವರ್ಸ ಎರಡೂ ಕೈ ಚಾಚ್ಕಂಡು ಕರೆಂಟು ಕಂಬದಂಗೆ ನಿಂತವ್ನೆ. ಸುತ್ತ ಎಲ್ಲಾರೂ ಕುಣ್ಯೋರು, ಇವ್ನು ಮೂಗಿನ ಮ್ಯಾಲೆ ಸೊಳ್ಳೆ ಕೂತ್ರೂ ಅಳ್ಳಾಡಂಗಿಲ್ಲ. ಒಂದ್ಸಲನಾದ್ರೂ ಕೊಕ್ಕರೆಯಾಗಿ ಕುಣೀಬೇಕು ಅನ್ನದೊಂದೇ ಅವನಾಸೆ.

ಮೇಷ್ಟ್ರು ತೀರ್ಕಂಡು ವರ್ಸಾಯ್ತು. ಅವ್ರ ನೆನಪಿಗೆ ಮಂಡ್ಯದಲ್ಲಿ ಅದೇ ಬ್ಯಾಲೆ ಆಡ್ಸದು ಅಂತಾಯ್ತು. ಕೆಂಪಸಿದ್ದಯ್ಯ ಮೇಷ್ಟ್ರ ಎಂಡ್ತಿ ಮಂಗಳಮ್ಮನ ತಾವ್ಕೋಗಿ ಒಂದು ಬುರುಡೆ ಬುಟ್ಟ ನೋಡಿ:

“ಅಕ್ಕೋ, ಸಾಯಕ್ ಮುಂಚೆ ಮೇಷ್ಟ್ರು ನನ್ ಕೈ ಇಡ್ಕಂಡು, ಮುಂದಿನ್ಸಲ ನೀನೇ ಕೊಕ್ಕರೆ ಕಣ್ಲಾ ಅಂದಿದ್ರು.”

“ಅವ್ರು ಅಂದಿದ್ರೆ ಆಯ್ತು ಬುಡಪ್ಪ,” ಅಂದ್ರು ಮಂಗಳಮ್ಮ. ಮರದ ಪಾಲ್ಟು ಓಗಿ, ಬಟ್ಟೆ ಒಲಿಯೋ ಗೌಸ್ ಪೀರ್ ಕುತ್ಗೆಗೆ ಬಿತ್ತು.

ಆಟ ಇದ್ದದ್ದು ಸಂಜೆಗೆ. ಕೆಂಪಸಿದ್ದಯ್ಯ ಬೆಳಿಗ್ಗೆನೇ ರೆಕ್ಕೆ ಕಟ್ಕಂಡು ಬಸ್ ಅತ್ತುದ. ಕಂಡಕ್ಟ್ರು ಮ್ಯಾಲಿಂದ ಕೆಳೀಕೆ ನೋಡಿ, “ಎಣ್ ಕೊಕ್ಕರೆಯಾದ್ರೆ ಫ್ರೀ. ಗಂಡಾದ್ರೆ ಟಿಕೇಟ್ ತಕಳಣ್ಣ,” ಅಂದ.

ಆಟಕ್ಕೆ ಮುಂಚೆ ಮೇಷ್ಟ್ರಿಗೆ ಎಡೆ. ಮಂಗಳಮ್ಮ ಆಟ ನಡ್ಯೋ ಭವನದ ತಾರಸಿ ಮ್ಯಾಲೆ ಎಲೆ ಆಸಿ, ಮೇಷ್ಟ್ರು ಪ್ರಾಣ ಬುಡ್ತಿದ್ದ ಮದ್ದೂರು ವಡೆ ಇಟ್ರು. ಕಾಗೆ ಬಂದು ಮುಟ್ಟೋಗಂಟ ಯಾರೂ ಬಾಯಿಗೆ ತೊಟ್ಟು ನೀರಾಕಂಗಿಲ್ಲ, ಕಾಲ್ಗೆ ಗೆಜ್ಜೆ ಕಟ್ಟಂಗಿಲ್ಲ.

ಕಾಗೆ ಬತ್ತಿತ್ತು. ಆದ್ರೆ ಆಳುದ್ದದ ಕೊಕ್ಕರೆ ರೆಕ್ಕೆ ಬಡ್ಕಂಡು “ಕಾ ಕಾ” ಅಂತ ಕೂಗದ ನೋಡಿ, ಬಂದಂಗೇ ವಾಪಸ್ ಓಗದು. ಗಂಟೆ ಅನ್ನೆಲ್ಡಾಯ್ತು, ಎಲ್ಡಾಯ್ತು.

“ನಮ್ಮೇಷ್ಟ್ರಿಗೆ ಏನೋ ಕೊರಗದೆ. ಒಬ್ಬೊಬ್ರೇ ಕೈ ಮುಗ್ಕಂಡು ಮಾತು ಕೊಡಿ,” ಅಂದ್ರು ಮಂಗಳಮ್ಮ.

ಗೌಸ್ ಪೀರ್ ಮುಂದಕ್ಕೆ ಬಂದ. “ಮೇಷ್ಟ್ರೆ, ನಿಮ್ ಜುಬ್ಬದ ಬಟ್ಟೆಲಿ ಉಳ್ದಿದ್ದ ಅರ್ಧ ಮೀಟ್ರು ನನ್ ತಾವೇ ಅದೆ. ತಂದ್ಕೊಡ್ತೀನಿ.”

ಕಾಗೆ ಬರ್ನಿಲ್ಲ.

ಮುಂದಿನ ಸಾಲಲ್ಲಿ ಕುಣಿಯೋ ಪ್ರಿಯಾಂಕ ಅಂದ್ಲು, “ಸಾರ್, ನಾನ್ ಎಜ್ಜೆ ತಪ್ದಾಗೆಲ್ಲ ಮರ ಅಡ್ಡ ಬಂತು ಅಂತಿದ್ದೆ. ಸುಳ್ಳು. ಇನ್ಮೇಲೆ ಅನ್ನಾಕಿಲ್ಲ.”

“ಲೇ ನೀನಾ ಅದು!” ಅಂದ ಕೆಂಪಸಿದ್ದಯ್ಯ. ಆಗ ಎಲ್ಲಾರೂ ಅವ್ನ ಕಡೀಕೆ ತಿರುಗುದ್ರು.

“ಈಗ ನೀನೇಳು ಕೆಂಪಸಿದ್ದ. ನೀನ್ ಏನ್ ಮಾಡಿದ್ದೀಯ?” ಅಂದ್ರು ಮಂಗಳಮ್ಮ.

ಕೆಂಪಸಿದ್ದಯ್ಯ ಕಣ್ಮುಚ್ಚಿ ಮನ್ಸಲ್ಲೇ ಬೇಡ್ಕಂಡ: ಮೇಷ್ಟ್ರೆ, ನಿಮ್ಮೆಸ್ರಲ್ಲಿ ಸುಳ್ಳೇಳ್ದೆ, ತಪ್ಪಾಯ್ತು. ಆದ್ರೂ ಕೊಕ್ಕರೆ ಪಾಲ್ಟು ಕಿತ್ಕಬ್ಯಾಡಿ. ಒಪ್ಗೆಯಾದ್ರೆ ಒಂದ್ ಕಾಗೆ ಕಳ್ಸಿ.

ಎದ್ರಿಕೆಗೆ ಮೈ ಬಿಗ್ದೋಯ್ತು. ಹದಿನೆಂಟು ವರ್ಸದ ಅಭ್ಯಾಸ, ಎರಡೂ ಕೈ ತಾವೇ ಚಾಚ್ಕಂಡ್ವು. ಉಸ್ರೂ ಅಳ್ಳಾಡ್ನಿಲ್ಲ.

ಪಟಪಟ ಅಂತ ಸದ್ದಾಯ್ತು. ಕಾಗೆ ಬಂದು ಅವ್ನ ಬಲ್ಗೈ ಮ್ಯಾಲೆ ಕೂತು, ಅತ್ಲಾಗಿತ್ಲಾಗ್ ನೋಡಿ, ಕೆಳೀಕೆ ನೆಗ್ದು ವಡೆಗೆ ಬಾಯಾಕ್ತು!

ಕೆಂಪಸಿದ್ದಯ್ಯ ಒಪ್ಗೆ ಕೊಟ್ರು ಕೊಟ್ರು ಅಂತ ಕುಣಿಯಾಕೆ ಕಾಲೆತ್ತುದ. ಅಷ್ಟ್ರಲ್ಲಿ ಮಂಗಳಮ್ಮ ಗಳಗಳ ಅಳ್ತಾ ಅವ್ನ ಕಾಲೇ ಇಡ್ಕಂಡ್ರು.

“ಅಳ್ಳಾಡ್ಬ್ಯಾಡ ಕಣಪ್ಪೋ! ನೋಡುದ್ರಾ? ನಮ್ಮೇಷ್ಟ್ರು ಬಂದು ತಮ್ ಮರದ ಮ್ಯಾಲೇ ಕೂತ್ರು! ಇವ್ನ ಬುಟ್ಟು ಇನ್ಯಾರೂ ಮರ ಆಗ್ಕೂಡ್ದು ಅಂತ ತೋರುಸ್ಬುಟ್ರು!”

“ಯಾ ಅಲ್ಲಾ, ಬಚಾವ್!” ಅಂತ ಗೌಸ್ ಪೀರ್ ಮರದ ಪಾಲ್ಟಿನ ಎಲೆ ಅಂಗಿ ತಂದು ಅವ್ನ ತಲೆ ಮ್ಯಾಲಾಕಿ, ರೆಕ್ಕೆ ಬಿಚ್ಕಂಡು ತಾನ್ ಕಟ್ಕಂಡ.

ಏನ್ ನಗ್ತೀರಿ? ನಂಬ್ನಿಲ್ವಾ? ಓಗ್ಲಿ, ನೀವೇ ಒಸಿ ಎದ್ದು ಎರಡೂ ಕೈ ಚಾಚ್ಕಂಡು ಕಣ್ಮುಚ್ಕಂಡು ನಿಂತ್ಕಳಿ, ಕಾಗೆ ಬತ್ತದೋ ಇಲ್ವೋ ನೋಡವ. ಆ ವಡೆ ತಟ್ಟೆ ಇಲ್ಕೊಡಿ, ಅಲ್ಲೀಗಂಟ ನಾನ್ ಇಡ್ಕಂಡಿರ್ತೀನಿ.