ಕೊಸರಿಗೆ ಅರ್ಧ ಜಿಬಿ

ನಮ್ಮ ದೊಡ್ಡಮ್ಮ ಇದುವರೆಗೆ ಎಷ್ಟು ಜನರನ್ನು ಕೊಂದಿದ್ದಾಳೆ ಎಂಬ ಲೆಕ್ಕ ಅವಳಿಗೇ ಇಲ್ಲ. ಗಾಬರಿಯಾಗಬೇಡಿ! ಶುಕ್ರವಾರ ತಪ್ಪದೆ ತಲೆಗೆ ನೀರು ಹಾಕಿಕೊಂಡು ತುಳಸಿ ಪೂಜೆ ಮಾಡುವ, ಜಿರಲೆ ಕಂಡರೆ ಹೊಡೆಯಲು ಮನಸ್ಸಾಗದೆ ಮೊರದಲ್ಲಿ ಹಿಡಿದು ಪಕ್ಕದ ಮನೆಯ ಕಾಂಪೌಂಡಿಗೆ ದಾಟಿಸುವ ಸಾಧು ಹೆಂಗಸು ಅವಳು. ಕೊಂದದ್ದೆಲ್ಲ ಕಂಪ್ಯೂಟರಿನೊಳಗೆ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಈಗ ಬೇಕರಿ ಇರುವ ಒಂದು ಮಳಿಗೆಯಲ್ಲಿ ಹಿಂದೆ ಅವಳದೊಂದು ಸೈಬರ್ ಸೆಂಟರ್ ಇತ್ತು. ಹಗಲು ಹೊತ್ತು ರಿಸಲ್ಟ್ ನೋಡುವವರು, ಅರ್ಜಿ ತುಂಬುವವರು ಬರುತ್ತಿದ್ದರು. ಸಂಜೆಯಾದರೆ ಕಾಲೇಜು ಹುಡುಗರು ಬಂದು ಎರಡು ಪಾರ್ಟಿಯಾಗಿ ಗುಂಡು ಹಾರಿಸುವ ಆಟ ಆಡುತ್ತಿದ್ದರು. ಒಂದು ದಿನ ಒಂದು ಪಾರ್ಟಿಗೆ ಒಬ್ಬ ಕಮ್ಮಿ ಬಿದ್ದ. "ಒಬ್ಬನಿಲ್ಲ ಅಂತ ಆಟ ನಿಲ್ಲಿಸ್ತೀರೇನ್ರೋ? ಕರೆಂಟ್ ಸುಮ್ನೆ ಉರೀತಿದೆ!" ಎಂದು ದೊಡ್ಡಮ್ಮ ಸೆರಗು ಸಿಕ್ಕಿಸಿ ಕೂತಳು. ಕೂತವಳು ಏಳಲೇ ಇಲ್ಲ! ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವಳ ತಮ್ಮ, ಅಂದರೆ ನನ್ನ ಸೋದರಮಾವ, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಬಂದು ಅಕ್ಕನ ಪಾರ್ಟಿ ಸೇರುತ್ತಿದ್ದ. ಅಕ್ಕ ತಮ್ಮ ಒಂದೇ ಕಡೆ ನಿಂತರೆಂದರೆ ಊರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಫೇಲಾದವರ ಮುಖ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಸೆಂಟರ್ ಮುಚ್ಚಿತು, ದೊಡ್ಡಮ್ಮ ಮೌಸ್ ಬಿಟ್ಟು ಸೌಟು ಹಿಡಿದಳು.

ಹೀಗೆ ವರ್ಷಗಟ್ಟಲೆ ಅಹಿಂಸೆಯಲ್ಲಿದ್ದವಳು, ಅರವತ್ತು ದಾಟಿದ ಮೇಲೆ ಮೊನ್ನೆ ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿದಳು. "ಲೋ, ಒಂದು ಗೇಮಿಂಗ್ ಕಂಪ್ಯೂಟರ್ ಕಟ್ಟಿಸ್ಬೇಕು. ಕಮ್ಮೀದು. ಸ್ಕೂಟರ್ ತಗೊಂಡು ಬಾ."

ಕಮ್ಮಿಯದು ಎಂಬುದೊಂದೇ ನನಗೆ ಅರ್ಥವಾದದ್ದು.

ಕಾರಣ ಮಾವ. ಹೆಂಡತಿ ತೀರಿಕೊಂಡ ಮೇಲೆ ಮಾವ ಮಾತು ಬಿಟ್ಟಿದ್ದ. ಮಕ್ಕಳಿಲ್ಲ. ಭದ್ರಾವತಿಯ ನ್ಯೂ ಟೌನಿನ ಮನೆಯಲ್ಲಿ ಒಬ್ಬನೇ ಇದ್ದ. ಫೋನ್ ಎತ್ತುತ್ತಿರಲಿಲ್ಲ. ಯಾರಾದರೂ ಹೋದರೆ ಬಾಗಿಲು ತೆಗೆದು, ಕುರ್ಚಿ ತೋರಿಸಿ, ಮತ್ತೆ ಕಂಪ್ಯೂಟರಿಗೆ ಮುಖ ಮಾಡಿ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ. ಬೆಳಗಿನಿಂದ ಅದೇ ಒಂದು ಆಟ. ಬಂಧುಗಳೆಲ್ಲ ಸರದಿಯಂತೆ ಹೋಗಿ, ಅವನ ಬೆನ್ನಿಗೆ ಬುದ್ಧಿ ಹೇಳಿ, ಬೆನ್ನು ಏನೂ ಉತ್ತರ ಕೊಡದಿದ್ದರಿಂದ ವಾಪಸಾಗಿದ್ದೆವು. ಇನ್ನು ಅವನು ಹೀಗೇ ಎಂದು ನಾವೆಲ್ಲ ಒಪ್ಪಿಕೊಂಡಾಗಿತ್ತು. ದೊಡ್ಡಮ್ಮ ಮಾತ್ರ ಒಪ್ಪಿರಲಿಲ್ಲ. ಅವಳೂ ಹೋಗಿದ್ದಳು. ಆದರೆ ಬುದ್ಧಿ ಹೇಳುವ ಬದಲು ಅವನ ಹಿಂದೆ ನಿಂತು ಆಟ ನೋಡಿ ಬಂದಿದ್ದಳು.

"ಅವನು ಈಚೆ ಬರಲ್ಲ ಮಾರಾಯ. ನಾನೇ ಒಳಗೆ ಹೋಗ್ತೀನಿ."

"ಎಲ್ಲಿಗೆ?"

"ಆಟದೊಳಕ್ಕೆ. ನಾಲ್ಕು ಜನ ಒಂದು ಪಾರ್ಟಿಯಾಗಿ ಆಡೋದು ಅದು. ಅವನ ಜೊತೆ ಇರೋ ಮೂರು ಜನ ಯಾರೋ ಏನೋ, ಅವನಿಗೇ ಗೊತ್ತಿಲ್ಲ. ಅದರಲ್ಲಿ ಒಬ್ಬಳು ನಾನಿದ್ರೆ ಆಯ್ತಲ್ಲ. ಅಲ್ಲಾದ್ರೂ ಮಾತಾಡ್ತಾನೋ ಇಲ್ವೋ ನೋಡೇಬಿಡ್ತೀನಿ."

ಬಸ್ಸಿನಲ್ಲಿ ಕೂತರೆ ಒಂದು ನಿದ್ದೆ ಮುಗಿಯುವುದರೊಳಗೆ ಸಿಗುವ ಭದ್ರಾವತಿಗೆ ಕಂಪ್ಯೂಟರ್ ಕಟ್ಟಿಸಿಕೊಂಡು ಹೊರಟವರು ಬೇರೆ ಯಾರಾದರೂ ಇದ್ದಾರೆಯೇ? ನನಗಂತೂ ಗೊತ್ತಿಲ್ಲ.

ಕಂಪ್ಯೂಟರ್ ಅಂಗಡಿಯವನು ಒಂದು ಕಾಲದಲ್ಲಿ ಅವಳ ಸೆಂಟರಿನಲ್ಲೇ ಅವಳ ಗುಂಡಿಗೆ ಸತ್ತಿದ್ದವನು. ಈಗ ತಲೆ ಬೋಳಾಗಿ, ಹೊಟ್ಟೆ ಬಂದು ಗೌರವಸ್ಥನಾಗಿದ್ದಾನೆ. ದೊಡ್ಡಮ್ಮನನ್ನು ಕಂಡೊಡನೆ ಎದ್ದು ನಿಂತ. ಅದು ಗೌರವಕ್ಕೋ ಹಳೆಯ ಹೆದರಿಕೆಗೋ ತಿಳಿಯಲಿಲ್ಲ.

"ಸೌಂಡ್ ಕಾರ್ಡ್ ಯಾವ್ಯಾವ್ದಿದೆ ತೋರ್ಸು" ಎಂದು ದೊಡ್ಡಮ್ಮ ಶುರುಮಾಡಿದಳು.

"ಈಗ ಸೌಂಡ್ ಕಾರ್ಡ್ ಬೇರೆ ತಗೊಳ್ಳಲ್ಲ ಆಂಟಿ. ಮದರ್‌ಬೋರ್ಡಲ್ಲೇ ಇರುತ್ತೆ."

"ನೆಟ್‌ವರ್ಕ್ ಕಾರ್ಡು?"

"ಅದೂ ಮದರ್‌ಬೋರ್ಡಲ್ಲೇ."

"ಸಿಡಿ ಡ್ರೈವು?"

"ಅದು ಈಗ ಎಲ್ಲೂ ಇಲ್ಲ."

ದೊಡ್ಡಮ್ಮ ಒಂದು ಕ್ಷಣ ಮೌನವಾಗಿದ್ದು ಅಗಲಿದವರಿಗೆ ಸಂತಾಪ ಸೂಚಿಸಿದಳು. ಆಮೇಲೆ ಗ್ರಾಫಿಕ್ಸ್ ಕಾರ್ಡಿನ ರೇಟು ಕೇಳಿದಳು. ಅವನು ಹೇಳಿದ. ದೊಡ್ಡಮ್ಮ ಕುರ್ಚಿ ಹಿಡಿದುಕೊಂಡಳು.

"ಅಲ್ಲಯ್ಯಾ, ಎಲ್ಲಾರೂ ಅಚ್ಚುಕಟ್ಟಾಗಿ ತಾಯಿ ಮನೇಲಿದಾರೆ. ಇವನೊಬ್ಬ ಯಾಕೆ ಬೇರೆ ಮನೆ ಮಾಡಿದ್ದು? ಅದೂ ಇಷ್ಟು ದುಬಾರಿ ಮನೆ!"

ಅಂಗಡಿಯವನು ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದೆ. ಇಂಥ ಹೊತ್ತಿನಲ್ಲಿ ಯಾವ ಪಕ್ಷವನ್ನೂ ವಹಿಸಬಾರದೆಂಬುದು ನನ್ನ ಅನುಭವ.

ಇವನ್ನೆಲ್ಲ ಕೂರಿಸುವ ಡಬ್ಬಿಯ ಸರದಿ ಬಂತು. ಅಂಗಡಿಯಲ್ಲಿದ್ದ ಡಬ್ಬಿಗಳೆಲ್ಲ ಕೆಂಪು, ಹಸಿರು, ನೀಲಿ ದೀಪ ಹತ್ತಿಸಿಕೊಂಡು ಗಣಪತಿ ಪೆಂಡಾಲಿನ ಹಾಗೆ ಮಿನುಗುತ್ತಿದ್ದವು. ದೀಪ ಬೇಡ, ಸಾದಾ ಕೊಡು ಎಂದಳು ದೊಡ್ಡಮ್ಮ. ಸಾದಾ ಡಬ್ಬಿಗೆ ರೇಟು ಜಾಸ್ತಿ! ದೀಪ ತೆಗೆಯೋದಕ್ಕೆ ಕೂಲಿ ಬೇರೆ ಕೊಡಬೇಕಾ ಎಂದು ಕೇಳಿದಳು. ಕೊನೆಗೆ ಪೆಂಡಾಲನ್ನೇ ಆರಿಸಿದಳು. ಅದರಲ್ಲೂ ಒಂದು ಸೈಜು ದೊಡ್ಡದನ್ನು. ಯಾಕೆಂದು ಕೇಳಿದೆ. "ಮಕ್ಕಳ ಯೂನಿಫಾರಂ ಹೊಲಿಸೋವಾಗ ಏನ್ ಮಾಡ್ತಾರೆ? ಮುಂದೆ ಬೆಳೆಯುತ್ತೆ ಅಂತ ಒಂದು ಬೆರಳು ಬಿಡಲ್ವೇನೋ?" ಎಂದಳು.

ಇಷ್ಟಾದ ಮೇಲೆ ಬಿಲ್ಲು ಕೈಗೆ ಬಂತು. ದೊಡ್ಡಮ್ಮ ಅದನ್ನು ಮೇಜಿನ ಮೇಲೆ ಕವುಚಿ ಹಾಕಿ, "ಕೊಸರು?" ಎಂದಳು.

ತರಕಾರಿಯವಳ ಹತ್ತಿರ ಬೀನ್ಸ್ ತೂಗಿಸಿದ ಮೇಲೆ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಚೀಲದ ಬಾಯಿ ಮುಚ್ಚಿದವಳಲ್ಲ ಅವಳು. ಕೊಸರಿಲ್ಲದ ವ್ಯಾಪಾರ ಅವಳ ಪ್ರಕಾರ ವ್ಯಾಪಾರವೇ ಅಲ್ಲ, ದಂಡ ಕಟ್ಟಿ ಬಂದ ಹಾಗೆ. ಅಂಗಡಿಯವನು ಸಂತೋಷದಿಂದ ಒಂದು ಮೌಸ್ ಪ್ಯಾಡ್ ಮುಂದಿಟ್ಟ. ದೊಡ್ಡಮ್ಮ ಅದನ್ನು ಒಂದು ಬೆರಳಿನಿಂದ ವಾಪಸು ತಳ್ಳಿದಳು.

"ಬೀನ್ಸ್ ತಗೊಂಡ್ರೆ ಕೊಸರಿಗೆ ಬೀನ್ಸೇ ಹಾಕ್ಬೇಕು. ಚಾಪೆ ಕೊಡ್ತಾರೇನೋ? ಎಂಟು ಜಿಬಿ ಎರಡು ಪಟ್ಟಿ ರ‍್ಯಾಮ್ ತಗೊಂಡಿದೀನಿ. ಮೇಲೊಂದು ಅರ್ಧ ಜಿಬಿ ಹಾಕು."

"ಆಂಟಿ, ರ‍್ಯಾಮ್ ಹಾಗೆ ಚಿಲ್ಲರೆ ಬರಲ್ಲ..."

"ಅದೆಲ್ಲ ನಂಗೊತ್ತಿಲ್ಲ."

ಅವನು ಒಳಗೆ ಹೋದ. ಡ್ರಾಯರುಗಳನ್ನು ಎಳೆದ ಸದ್ದಾಯಿತು. ಬಹಳ ಹೊತ್ತಿನ ಮೇಲೆ, ಸೈಬರ್ ಸೆಂಟರಿನ ಕಾಲದ್ದೇ ಇರಬೇಕು, ಧೂಳು ಹಿಡಿದ ಒಂದು ಅರ್ಧ ಜಿಬಿ ಪಟ್ಟಿಯನ್ನು ಪ್ಯಾಂಟಿಗೆ ಒರೆಸಿಕೊಂಡು ತಂದುಕೊಟ್ಟ. ಹೊಸ ಮದರ್‌ಬೋರ್ಡಿನಲ್ಲಿ ಅದು ಕೂರುವುದಿಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು, ದೊಡ್ಡಮ್ಮನಿಗೂ ಗೊತ್ತು. ಆದರೂ ಅವಳು ಅದನ್ನು ಪರ್ಸಿನಲ್ಲಿಟ್ಟುಕೊಂಡು, "ಈಗ ಸರಿಯಾಯ್ತು ನೋಡು" ಎಂದು ಸಮಾಧಾನದಿಂದ ಹೊರಬಂದಳು.

ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ಸೆಕೆಂಡ್ ಹ್ಯಾಂಡ್ ಕೊಳ್ಳುವುದೆಂದು ತೀರ್ಮಾನವಾಯಿತು. ಅದು ಸಿಕ್ಕಿದ್ದು ಭದ್ರಾವತಿಯಲ್ಲಿ, ಕಾರ್ಖಾನೆ ಕೆಲಸದ ಒಬ್ಬ ತಮಿಳಿನವನ ಮನೆಯಲ್ಲಿ. ಆತನ ತಾಯಿ ಕುರ್ಚಿ ಎಳೆದು "ಉಕ್ಕಾರುಂಗಮ್ಮ, ಉಕ್ಕಾರುಂಗ" ಎಂದು ಕೂರಿಸಿ ಕಾಫಿ ಕೊಟ್ಟಳು. ದೊಡ್ಡಮ್ಮ ಕಾಫಿ ಕುಡಿಯುತ್ತಲೇ ಕಾರ್ಡನ್ನು ತಿರುಗಿಸಿ ನೋಡಿದಳು, ಅದರ ಫ್ಯಾನನ್ನು ಬೆರಳಿನಿಂದ ತಿರುಗಿಸಿದಳು, ಮೂಗಿಗೆ ಹಿಡಿದು ಮೂಸಿದಳು. ಪುಳಿಯೋಗರೆ ಗೊಜ್ಜು ಹಳಸಿದೆಯೇ ಎಂದು ನೋಡುವಾಗಲೂ ಅವಳು ಹೀಗೆಯೇ ಮೂಸುವುದು. "ಸುಟ್ಟ ವಾಸನೆ ಇಲ್ಲ. ಆದ್ರೂ ಒಂದು ಗಂಟೆ ಓಡ್ಸಿ ತೋರ್ಸಪ್ಪ" ಎಂದಳು. ಓಡಿಸಿದರು. ಆ ಒಂದು ಗಂಟೆಯಲ್ಲಿ ಎರಡು ಹೆಂಗಸರೂ ಭಾಷೆಯ ಹಂಗಿಲ್ಲದೆ ಮಂಡಿನೋವಿನ ಬಗ್ಗೆ ಸವಿಸ್ತಾರವಾಗಿ ಮಾತಾಡಿ ಮುಗಿಸಿದರು.

ಕಾರ್ಡು ಕೈಗೆ ಬಂದ ಮೇಲೆ ನಾನು, "ಮಾವನ ಮನೆ ಎರಡು ರಸ್ತೆ ಆಚೆ. ಹೋಗಿ ಬರೋಣ್ವಾ?" ಎಂದೆ.

"ಬೇಡ. ಬರಿಗೈಲಿ ಹೋಗಿದ್ದಾಯ್ತು. ಈ ಸಲ ಕೋವಿ ಹಿಡ್ಕೊಂಡೇ ಹೋಗ್ತೀನಿ."

ಇದನ್ನು ಅವಳು ಹೇಳಿದ್ದು ಬಸ್‌ಸ್ಟಾಪಿನಲ್ಲಿ, ಸಾಕಷ್ಟು ಗಟ್ಟಿಯಾಗಿ. ಪಕ್ಕದಲ್ಲಿ ಕೂತಿದ್ದ ಯಜಮಾನರು ತಮ್ಮ ಚೀಲವನ್ನು ಎತ್ತಿಕೊಂಡು ಆಚೆ ಬೆಂಚಿಗೆ ಹೋದರು.

ಎಲ್ಲ ಜೋಡಣೆಯಾಗಿ ಕಂಪ್ಯೂಟರ್ ಮನೆಗೆ ಬಂದ ದಿನ ಪೂಜೆ. ಮಿಕ್ಸಿಗೂ ಪೂಜೆ ಮಾಡಿದವಳು ಇದನ್ನು ಬಿಡುತ್ತಾಳೆಯೇ! ಡಬ್ಬಿಯ ಬಾಗಿಲು ತೆಗೆಸಿದಳು. ನಿಂಬೆಹಣ್ಣು ಇಡಲು ಚಕ್ರ ಹುಡುಕಿದಳು, ಸಿಗಲಿಲ್ಲ. ದುಂಡಗಿದ್ದದ್ದು ಫ್ಯಾನುಗಳು ಮಾತ್ರ. ಒಂದೊಂದು ಫ್ಯಾನಿನ ಒಂದೊಂದು ರೆಕ್ಕೆಗೂ ಭಕ್ತಿಯಿಂದ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ದೊಡ್ಡಪ್ಪನಿಗೆ "ಸ್ವಿಚ್ ಹಾಕಿ" ಎಂದಳು.

ದೊಡ್ಡಪ್ಪ ಹಾಕಿದರು. ಫ್ಯಾನುಗಳು ಗಿರ್ರೆಂದವು. ಮರುಕ್ಷಣ ನಡುಮನೆಯಲ್ಲಿ ಓಕುಳಿ! ನನ್ನ ಅಂಗಿ, ಗೋಡೆ, ಕರ್ಟನ್ನು, ದೊಡ್ಡಪ್ಪನ ಬಿಳಿ ಪಂಚೆ ಎಲ್ಲವೂ ಕೆಂಪಾದವು. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡು, "ನಮ್ಮ ಮದುವೇಲೂ ನನ್ನ ಮೇಲೆ ಇಷ್ಟು ಕುಂಕುಮ ಬಿದ್ದಿರ್ಲಿಲ್ಲ" ಎಂದರು. ಮಾರನೆಯ ದಿನ ಅಂಗಡಿಯವನು ಬ್ರಷ್ ಹಿಡಿದು ಬಂದು ಒಳಗೆಲ್ಲ ಗುಡಿಸಿ ಹೋದ. ಅದನ್ನೂ ಕೊಸರಿನ ಲೆಕ್ಕಕ್ಕೇ ಸೇರಿಸಲಾಯಿತು.

ಆಟಕ್ಕೆ ಸೇರಲು ಒಂದು ಹೆಸರು ಬೇಕಲ್ಲ. ದೊಡ್ಡಮ್ಮ "ಅಕ್ಕ" ಎಂದು ಬರೆದಳು. ಆ ಹೆಸರು ಆಗಲೇ ಯಾರೋ ಇಟ್ಟುಕೊಂಡಿದ್ದಾರೆಂದು ಕಂಪ್ಯೂಟರ್ ಹೇಳಿತು. "ಸವಳಂಗ ರೋಡ್ ಅಕ್ಕ" ಎಂದು ಬರೆದಳು. ಅದಕ್ಕೆ ಜಗತ್ತಿನಲ್ಲಿ ಬೇರೆ ಯಾರೂ ಪೈಪೋಟಿಗಿರಲಿಲ್ಲ. ಮಾವನ ಬೆನ್ನ ಹಿಂದೆ ನಿಂತಾಗ ಅವನ ಹೆಸರನ್ನು ಓದಿಕೊಂಡು ಬಂದಿದ್ದಳು. ಅವನಿಗೆ ಸ್ನೇಹದ ಕೋರಿಕೆ ಕಳಿಸಿದಳು. ಒಂದು ವಾರ ಉತ್ತರವಿಲ್ಲ. ದಿನಕ್ಕೆ ಹತ್ತು ಸಲ ನೋಡುವಳು, ಏನೂ ಆಗಿಲ್ಲವೆಂಬಂತೆ ಒಗ್ಗರಣೆ ಹಾಕಲು ಹೋಗುವಳು. ಎಂಟನೆಯ ದಿನ ಒಪ್ಪಿಗೆ ಬಂತು. ಮಾತಿಲ್ಲ, ಬರೀ ಒಪ್ಪಿಗೆ.

ಅಲ್ಲಿಂದ ಅಕ್ಕ ತಮ್ಮ ಮತ್ತೆ ಒಂದೇ ಪಾರ್ಟಿ. ಆದರೆ ದೊಡ್ಡಮ್ಮನ ಆಟ ತುಕ್ಕು ಹಿಡಿದಿತ್ತು. ಆಟದ ಶುರುವಿಗೇ ವಿಮಾನದಿಂದ ಹಾರಿ ನೆಟ್ಟಗೆ ಸಮುದ್ರಕ್ಕೆ ಬೀಳುವಳು. ವೈರಿಯನ್ನು ಕಂಡು ಗುಂಡು ಹಾರಿಸುವ ಬದಲು ಕೂತುಕೊಳ್ಳುವಳು, ಯಾಕೆಂದರೆ ಒತ್ತಬೇಕಾದ ಕೀಬೋರ್ಡಿನ ಗುಂಡಿಗಳೆಲ್ಲ ಬದಲಾಗಿದ್ದವು. ಅಕ್ಕಪಕ್ಕದ ಮನೆಯವರು ನೋಡಲು ಬಂದು, ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ನೋಡುವವರ ಹಾಗೆ ಬಾಗಿಲಾಚೆಯೇ ನಿಂತು ನೋಡಿ ಹೋಗುತ್ತಿದ್ದರು. ಹೆಡ್‌ಫೋನ್ ಹಾಕಿದರೆ ಕಿವಿಯೋಲೆ ಒತ್ತುತ್ತದೆಂದು ಎರಡು ಸ್ಪೀಕರ್ ಇಟ್ಟುಕೊಂಡಿದ್ದರಿಂದ ಬೀದಿಗೆಲ್ಲ ಯುದ್ಧದ ಸದ್ದು. ಆಡುವಷ್ಟು ಹೊತ್ತೂ ಅವಳು ಮೈಕಿನಲ್ಲಿ ಬಾಯಿಗೆ ಬಂದದ್ದು ಹೇಳುತ್ತಲೇ ಇರುವಳು: ಬೆಂಡೆಕಾಯಿ ಎಳೆಯದು ಸಿಗುತ್ತಿಲ್ಲ, ಗೀಸರ್ ಕೆಟ್ಟಿದೆ, ಅಗೋ ಬಲಗಡೆ ಒಬ್ಬ ಬಂದ. ಮಾವ ಬಲಗಡೆಯವನನ್ನು ಹೊಡೆಯುವನು. ಆದರೆ ಒಂದು ಹೂಂ ಕೂಡ ಅನ್ನನು. ನನಗೆ ನಿಜಕ್ಕೂ ಬೇಸರವಾಯಿತು. ಇಷ್ಟೆಲ್ಲ ಮಾಡಿದ್ದೂ ಅದೇ ಬೆನ್ನು ನೋಡಲಿಕ್ಕಾಯಿತಲ್ಲ ಎನ್ನಿಸಿತು. ದೊಡ್ಡಮ್ಮನಿಗೆ ಹಾಗನ್ನಿಸಿತೋ ಇಲ್ಲವೋ, ಮಾರನೆಯ ದಿನವೂ ಅವಳು ಮೈಕಿನ ಮುಂದೆ ಕೂತಳು.

ಒಂದು ಭಾನುವಾರ ಮಧ್ಯಾಹ್ನ ನಾನೂ ಅಲ್ಲೇ ಇದ್ದೆ. ಈ ಆಟದಲ್ಲಿ ಗುಂಡು ತಗುಲಿದವರು ತಕ್ಷಣ ಸಾಯುವುದಿಲ್ಲ, ಮಂಡಿಯೂರಿ ತೆವಳುತ್ತಾರೆ. ಪಾರ್ಟಿಯವರು ಯಾರಾದರೂ ಬಂದು ಪಕ್ಕದಲ್ಲಿ ಕೂತು ಆರೈಕೆ ಮಾಡಿದರೆ ಮತ್ತೆ ಎದ್ದು ನಿಲ್ಲಬಹುದು. ಬರದಿದ್ದರೆ ಮುಗಿಯಿತು. ದೊಡ್ಡಮ್ಮ ಒಂದು ಬಯಲಿನ ನಟ್ಟನಡುವೆ ಬಿದ್ದಳು. ಪಾರ್ಟಿಯ ಉಳಿದ ಇಬ್ಬರು ಅಪರಿಚಿತರು ತಿರುಗಿಯೂ ನೋಡದೆ ಓಡಿದರು. ಮಾವ ದೂರದಲ್ಲಿ ಗುಡ್ಡದ ಮೇಲೆ ಬಂಡೆಯ ಮರೆಯಲ್ಲಿದ್ದ. ಅಲ್ಲೇ ಕೂತಿದ್ದರೆ ಗೆಲ್ಲುತ್ತಿದ್ದ.

"ನೀನು ಹೋಗೋ. ನನ್ನ ಆಸೆ ಬಿಡು" ಎಂದಳು ದೊಡ್ಡಮ್ಮ.

ಮಾವ ಗುಡ್ಡ ಇಳಿದ. ಬಯಲಿನಲ್ಲಿ ಮರೆಯೇ ಇರಲಿಲ್ಲ. ನಾಲ್ಕೂ ಕಡೆಯಿಂದ ಗುಂಡು ಹಾರುತ್ತಿತ್ತು. ಅವನು ಓಡಿ ಬರುತ್ತಿದ್ದ. ಸ್ಪೀಕರಿನಲ್ಲಿ ಕರಕರ ಎಂದಿತು. ಆಮೇಲೆ, ನಮ್ಮ ಮನೆಯವರಾರೂ ತಿಂಗಳುಗಟ್ಟಲೆ ಕೇಳದಿದ್ದ ಧ್ವನಿ:

"ಅಲ್ಲೇ ಇರು ಅಕ್ಕ. ಬಂದೆ."

ದೊಡ್ಡಮ್ಮ ಮೌಸ್ ಬಿಟ್ಟು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನು ಮಾತಾಡಿದ ದಿನ ಏನೇನು ಹೇಳಬೇಕೆಂದು ಅವಳು ಎಷ್ಟೋ ಯೋಚಿಸಿಟ್ಟುಕೊಂಡಿದ್ದಳು. ಬಾಯಿಂದ ಬಂದದ್ದು ಇಷ್ಟೇ.

"ಊಟ ಮಾಡಿದ್ಯೇನೋ?"

"ಇಲ್ಲ."

"ಬೆಳಿಗ್ಗೆ ಏನ್ ತಿಂದೆ?"

"ಬಿಸ್ಕೆಟ್."

ಪರದೆಯ ಮೇಲೆ ಅವನು ಅವಳ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ. ಆಮೇಲೆ ಅವನೇ ಹೇಳಿದ: "ಊಟಕ್ಕೆ ಏಳಿ ಅಂತ ಬೈಯೋರಿಲ್ಲ ಅಕ್ಕ. ಆಟ ಎಲ್ಲಿ ನಿಲ್ಸ್ಬೇಕು ಅಂತಾನೇ ಗೊತ್ತಾಗ್ತಿಲ್ಲ."

ದೊಡ್ಡಪ್ಪ ಪೇಪರ್ ಮಡಿಸಿ ಕೆಳಗಿಟ್ಟರು. ದೊಡ್ಡಮ್ಮ ಕುರ್ಚಿಯಿಂದ ಎದ್ದು ನಿಂತಳು. ಬೀದಿಯ ಕೊನೆಯ ಮನೆಗೂ ಕೇಳುವ ಹಾಗೆ ಬೈಯತೊಡಗಿದಳು.

"ಏಳೋ ಕತ್ತೆ! ಸಾಕು ಆಡಿದ್ದು! ಹೊತ್ತೆಷ್ಟಾಯ್ತು ನೋಡಿದೀಯಾ? ಇಷ್ಟೊತ್ತಾದ್ರೂ ಒಲೆ ಹಚ್ಚಿಲ್ಲ ಅಂದ್ರೆ ಏನರ್ಥ? ಏಳ್ತೀಯೋ, ನಾನೇ ಬಂದು ಎರಡು ಬಿಡ್ಲೋ?"

ಸ್ಪೀಕರಿನಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಅವನು ಮೈಕ್ ಆರಿಸಲು ಮರೆತಿದ್ದ. ಚಪ್ಪಲಿ ಎಳೆದುಕೊಂಡು ಹೋದ ಸದ್ದು, ಡಬ್ಬದ ಮುಚ್ಚಳ ತೆಗೆದ ಸದ್ದು, ಪಾತ್ರೆಗೆ ಏನೋ ಸುರಿದ ಸದ್ದು ಒಂದೊಂದಾಗಿ ಬಂದವು. ಆಮೇಲೆ ನಲ್ಲಿ ನೀರು ಬಿದ್ದಿತು. ಪರದೆಯ ಮೇಲೆ ಯಾರೋ ಬಂದು ಅಕ್ಕ ತಮ್ಮ ಇಬ್ಬರನ್ನೂ ಹೊಡೆದು ಹೋದರು. ಯಾರೂ ನೋಡಲಿಲ್ಲ. ದೊಡ್ಡಮ್ಮ ಸ್ಪೀಕರಿಗೆ ಕಿವಿ ಹಚ್ಚಿ, ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕಿ ತೊಳೀತಿದಾನೆ ಕಣೋ" ಎಂದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.