ಮಾಲಿನ ವ್ಯವಸ್ಥಾಪಕರಿಗೆ, ಒಂದು ಡಬ್ಬಿಯ ವಿಚಾರವಾಗಿ

ಹಮಾಮತ್ಸುವಿನ ಹೊರವಲಯದಲ್ಲಿ ಮಳೆ, ಬಿಸಿಲು, ಗಾಳಿ ಮೂರನ್ನೂ ಬಾಗಿಲಲ್ಲೇ ತಡೆದು ನಿಲ್ಲಿಸಿರುವ ಮಹಾ ಮಾಲಿನ ಮಾನ್ಯ ವ್ಯವಸ್ಥಾಪಕರೇ,

ತಾವೂ ತಮ್ಮ ನಾಲ್ಕು ಮಹಡಿಗಳೂ ಸಮಸ್ತ ಎಸ್ಕಲೇಟರುಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಪದ್ಮಾ, ಮೈಸೂರಿನವಳು. ನಮ್ಮ ಯಜಮಾನರು ಶ್ರೀಪಾದ ಇಲ್ಲಿನ ವಾಹನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಾರೆ. ಅವರ ವೀಸಾದ ಬಾಲ ಹಿಡಿದು ನಾನೂ ಬಂದು ಮೂರು ವರ್ಷ ದಾಟಿತು. ಪತ್ರ ಕನ್ನಡದಲ್ಲಿರುವುದಕ್ಕೆ ದಯವಿಟ್ಟು ಮನ್ನಿಸಬೇಕು. ನಾನು ಕಲಿತ ಜಪಾನಿ ಭಾಷೆ ತರಕಾರಿ ಕೊಳ್ಳುವುದಕ್ಕೂ ಕ್ಷಮೆ ಕೇಳುವುದಕ್ಕೂ ಸಾಕಾಗುತ್ತದೆಯೇ ಹೊರತು ದೂರು ಕೊಡುವುದಕ್ಕೆ ಸಾಲದು.

ಮೊದಲಿಗೆ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ, ಉಂಡ ಮನೆಗೆ ಎರಡು ಬಗೆಯುವವಳು ನಾನಲ್ಲ. ಕಳೆದ ಆಗಸ್ಟಿನ ಸೆಕೆಯಲ್ಲಿ ತಮ್ಮ ಎ.ಸಿ.ಯ ತಂಪಿನಲ್ಲಿ, ಏನೂ ಕೊಳ್ಳದೆ, ಮಸಾಜ್ ಕುರ್ಚಿಗಳ ಮಾದರಿಯೊಂದರಲ್ಲಿ ಕೂತು ತೂಕಡಿಸಿದ್ದೇನೆ, ಮತ್ತು ಎಚ್ಚರಿಸಬೇಕಾಗಿದ್ದ ತಮ್ಮ ಹುಡುಗಿ ನನಗೇ ಕೈಮುಗಿಯುವಂತೆ ಬಾಗಿ ಕ್ಷಮೆ ಕೇಳಿದ್ದನ್ನು ಮರೆತಿಲ್ಲ. ಆ ದಿನಗಳಲ್ಲಿ ಸ್ಟೇಷನ್ ಪಕ್ಕದ ಅಂಗಡಿ ಬೀದಿಯಲ್ಲಿ, ತಮ್ಮ ಮಾಲಿನ ಚೀಲವನ್ನು ಕೊಡೆಯ ಮರೆಯಲ್ಲಿಟ್ಟುಕೊಂಡು, ಮತ್ಸುಯಿ ಸಾನ್ ಅವರ ತರಕಾರಿ ಅಂಗಡಿಯ ಮುಂದೆ ಕಳ್ಳಿಯ ಹಾಗೆ ಹಾದುಹೋಗಿದ್ದೇನೆ. ಅವರಿಗೆ ಕಂಡಿತ್ತು. ಕಂಡರೂ ಕಾಣದಂತೆ ಸೌತೆಕಾಯಿ ಜೋಡಿಸುತ್ತಿದ್ದರು.

ಮತ್ಸುಯಿ ಸಾನ್ ಯಾರೆಂದು ತಮಗೆ ಸಿಬ್ಬಂದಿ ಸಂಖ್ಯೆಯಿಂದ ಮಾತ್ರ ಗೊತ್ತಿರಬಹುದಾದ್ದರಿಂದ ಹೇಳುತ್ತೇನೆ. ಎಪ್ಪತ್ತೆರಡು ವರ್ಷದ ಹೆಂಗಸು. ನಾನು ಈ ಊರಿಗೆ ಬಂದ ಮೊದಲ ವಾರ, ಮೂಲಂಗಿಯ ಸೊಪ್ಪನ್ನು ಕತ್ತರಿಸಿ ಬಿಸಾಡಲು ಹೊರಟವರ ಕೈ ಹಿಡಿದು ನಿಲ್ಲಿಸಿದೆ. ಕತ್ತಿ ಹಿಡಿದವರ ಕೈ ಹಿಡಿಯುವುದು ಎಲ್ಲಿಯೂ ಶಿಷ್ಟಾಚಾರವಲ್ಲ, ಗೊತ್ತು. ಅವರು ನಕ್ಕು ಸೊಪ್ಪನ್ನೆಲ್ಲ ಸುಮ್ಮನೆ ಕೊಟ್ಟರು. ನಾನು ಪಲ್ಯ ಮಾಡಿ, ತಳದಲ್ಲಿ ನಮ್ಮಮ್ಮನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಯಲ್ಲಿ ಒಯ್ದು ಕೊಟ್ಟೆ. ಕೊಟ್ಟಿದ್ದಕ್ಕೆ ಪ್ರತಿಯಾಗಿ ಏನಾದರೂ ಕೊಡದೆ ನಿಮ್ಮವರಿಗೆ ನಿದ್ದೆ ಬರುವುದಿಲ್ಲ. ಡಬ್ಬಿ ಕಿತ್ತಳೆ ತುಂಬಿಕೊಂಡು ಬಂತು. ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಿದರೆ ನಮ್ಮವರ ಮಾನ ಹೋಗುತ್ತದೆ. ಚಕ್ಕುಲಿ ತುಂಬಿಕೊಂಡು ಹೋಯಿತು. ಹೀಗೆ ಮೂರು ವರ್ಷ, ವಾರಕ್ಕೊಮ್ಮೆ, ಇಬ್ಬರಲ್ಲಿ ಒಬ್ಬರೂ ಸೋಲಲಿಲ್ಲ. ನಮ್ಮ ಯಜಮಾನರು, "ಪದ್ಮಾ, ಇದು ಇನ್ಫಿನಿಟ್ ಲೂಪ್ ಕಣೇ, ಎಲ್ಲಾದ್ರೂ ಒಂದ್ಕಡೆ ಬ್ರೇಕ್ ಮಾಡು" ಎಂದು ಎಷ್ಟೋ ಸಲ ಹೇಳಿದರು. ನಾನು ಮಾಡಲಿಲ್ಲ. ತಾವು ಮಾಡಿದಿರಿ.

ತಮ್ಮ ಉಚಿತ ಬಸ್ಸು ಸ್ಟೇಷನ್ನಿನಿಂದಲೇ ಜನರನ್ನು ತುಂಬಿಕೊಂಡು ಹೋಗತೊಡಗಿದ ಮೇಲೆ ಬೀದಿಯ ಷಟರುಗಳು ಒಂದೊಂದಾಗಿ ಇಳಿದವು. ಮಾರ್ಚಿನಲ್ಲಿ ಮತ್ಸುಯಿ ಸಾನ್ ಅಂಗಡಿಯೂ ಮುಚ್ಚಿತು. ಕೊನೆಯ ದಿನ ಅವರು ಡಬ್ಬಿಯಲ್ಲಿ ಉಪ್ಪು ಹಾಕಿದ ಹುಳಿಹಣ್ಣು ತುಂಬಿ ನನ್ನ ಕೈಗಿಟ್ಟರು. ಅಂದರೆ ಈಗ ಸರದಿ ನನ್ನದು. ತಮ್ಮ ಔದಾರ್ಯ ದೊಡ್ಡದು, ಅಂಗಡಿ ಕಳೆದುಕೊಂಡವರಿಗೆ ತಮ್ಮ ತರಕಾರಿ ವಿಭಾಗದಲ್ಲೇ ಅರೆಕಾಲದ ಕೆಲಸ ಕೊಟ್ಟಿರಿ. ಮೂಲಂಗಿಯ ಸೊಪ್ಪು ಕತ್ತರಿಸಿ ಬಿಸಾಡುವ ಕೆಲಸ.

ಮೇ ತಿಂಗಳಲ್ಲಿ ಡಬ್ಬಿ ತುಂಬಿಸಿಕೊಂಡು ಅಲ್ಲಿಗೆ ಹೋದೆ. ಮತ್ಸುಯಿ ಸಾನ್ ಟೋಪಿ, ಮಾಸ್ಕು, ಕೈಗವಸು ಧರಿಸಿ ಕಣ್ಣು ಮಾತ್ರ ಬಿಟ್ಟುಕೊಂಡಿದ್ದರು. ಆ ಕಣ್ಣಿನಲ್ಲೇ ಗೋಡೆಯ ಫಲಕ ತೋರಿಸಿದರು. ಸಿಬ್ಬಂದಿ ಗ್ರಾಹಕರಿಂದ ಏನನ್ನೂ ಸ್ವೀಕರಿಸುವಂತಿಲ್ಲ. ಸರಿ ಎಂದು ಡಬ್ಬಿಯನ್ನು ಅವರ ಹತ್ತಿರದ ಆಲೂಗಡ್ಡೆಯ ರಾಶಿಯ ಮೇಲೆ ಮರೆತವಳಂತೆ ಬಿಟ್ಟು ಹೊರಟೆ. ಎಸ್ಕಲೇಟರ್ ಹತ್ತುವಷ್ಟರಲ್ಲಿ, ಬೆಳ್ಳಿಬಣ್ಣದ, ಮಸಾಲೆಯ ಪರಿಮಳವುಳ್ಳ ಪಾತ್ರೆಯನ್ನು ಮರೆತಿರುವ ಗೌರವಾನ್ವಿತ ಗ್ರಾಹಕರು ದಯಮಾಡಿ ಬರಬೇಕೆಂದು ನಾಲ್ಕೂ ಮಹಡಿಗಳಲ್ಲಿ ಮೂರು ಸಲ ಕೂಗಿಸಿದಿರಿ. ಒಬ್ಬ ಕಾವಲುಗಾರರು ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಾಗಿಸಿ, ನನ್ನ ಅಭಿಮಾನವನ್ನು ನನಗೇ ವಾಪಸು ಕೊಟ್ಟರು. ಇಂಥ ಪ್ರಾಮಾಣಿಕತೆ ನಾನು ಬೇರೆಲ್ಲೂ ಕಂಡಿಲ್ಲ, ಇನ್ನು ಮುಂದೆ ಕಾಣುವ ಆಸೆಯೂ ಇಲ್ಲ.

ಮನೆಗೇ ಹೋಗಿ ಕೊಡಬಾರದೇ ಎನ್ನುವಿರಿ. ಅಂಗಡಿಯ ಹಿಂದಿದ್ದ ಮನೆಯನ್ನೂ ಬಿಟ್ಟು ಅವರೀಗ ಮಗಳ ಮನೆಯಲ್ಲಿದ್ದಾರೆ, ಮತ್ತು ಕರೆಯದೆ ಮಗಳ ಮನೆಯ ಬಾಗಿಲು ತಟ್ಟುವುದು ನಿಮ್ಮಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಆನ್‌ಲೈನಿನಲ್ಲಿ ಏನಾದರೂ ಉಡುಗೊರೆ ಕಳಿಸು, ಎರಡು ಕ್ಲಿಕ್ಕಿನ ಕೆಲಸ ಎಂದರು ನಮ್ಮ ಯಜಮಾನರು. ಆನ್‌ಲೈನಿನ ಮಹಿಮೆ ನನಗೆ ಗೊತ್ತು. ನಮ್ಮ ತೊಗರಿಬೇಳೆ ಬರುವುದೂ ಅದರಲ್ಲೇ. ತಂದವರು ಬಾಗಿಲ ಮುಂದಿಟ್ಟು ಫೋಟೊ ತೆಗೆದು, ಮುಖ ತೋರಿಸದೆ ಹೋಗುತ್ತಾರೆ. ಕಳೆದ ಮಂಗಳವಾರ ಬೆಳಗಿನಿಂದ ಸಂಜೆಯವರೆಗೆ ನಾನು ಆಡಿದ ಮಾತು ಒಂದೇ, ಅದೂ ತಮ್ಮ ಬಿಲ್ಲಿನ ಯಂತ್ರಕ್ಕೆ ಕ್ಷಮೆ ಕೇಳುತ್ತ ಹೇಳಿದ "ಸುಮಿಮಾಸೆನ್."

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ತಮ್ಮ ಮಾಲಿನ ಚಾವಣಿಯನ್ನು ಒಂದು ಕಡೆ ಸ್ವಲ್ಪ ಸೋರುವಂತೆ ಮಾಡಿಸಿ, ಅದರಡಿಯಲ್ಲಿ ಇಬ್ಬರು ಹೆಂಗಸರು ನಿಂತು ಮಳೆಯನ್ನು ಬಯ್ಯಲು ಜಾಗ ಕೊಡಬೇಕು. ಬೆಲೆ ಕೇಳಿದರೆ ಒಮ್ಮೆಯಾದರೂ ರೇಗುವ ಯಂತ್ರ ತರಿಸಬೇಕು. ಇವು ಆಗದಿದ್ದರೆ ಚಿಂತೆಯಿಲ್ಲ. ಆದರೆ ಫಲಕದ ಕೆಳಗೆ, ಡಬ್ಬಿಯೊಂದರ ಹೊರತು, ಎಂದು ಸಣ್ಣ ಅಕ್ಷರದಲ್ಲಿ ಬರೆಸಬೇಕು. ಅಂಗಡಿ ಹೋಯಿತೆಂದು ಪದ್ಮಾ ಕೂಡ ದೂರವಾದಳು, ಕೈಗವಸು ಹಾಕಿದವಳಿಗೆ ಏನು ಕೊಡುವುದೆಂದು ಸುಮ್ಮನಾದಳು ಎಂದು ಅವರು ತಿಳಿದುಬಿಟ್ಟರೆ ನನಗೆ ಅದನ್ನು ತಡೆಯುವ ಶಕ್ತಿಯಿಲ್ಲ, ಮಾನ್ಯರೇ.

ಸದ್ಯಕ್ಕೆ ಸರದಿ ಬಾಕಿ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಪದ್ಮಾ ಶ್ರೀಪಾದ

ತಾ.ಕ.: ಈ ಪತ್ರದ ಜೊತೆ ಡಬ್ಬಿಯನ್ನು ತಮ್ಮ ಹೆಸರಿಗೇ ಕೌಂಟರಿನಲ್ಲಿ ಕೊಟ್ಟು ಬಂದಿದ್ದೇನೆ, ವ್ಯವಸ್ಥಾಪಕರು ಏನನ್ನೂ ಸ್ವೀಕರಿಸಬಾರದೆಂದು ಫಲಕದಲ್ಲಿ ಇರಲಿಲ್ಲ. ಒಳಗಿರುವುದು ಕೋಡುಬಳೆ. ಮತ್ಸುಯಿ ಸಾನ್ ಕೈಗೆ ಸೇರಿಸಿದರೆ ತಮ್ಮ ಉಪಕಾರ ಮರೆಯೆನು. ತಾವೇ ತಿಂದರೂ ಬೇಸರವಿಲ್ಲ. ಆದರೆ ತಿಂದ ಮೇಲೆ ಸರದಿ ತಮ್ಮದು, ಮತ್ತು ನಾನು ಪ್ರತಿ ವಾರ ಬರುತ್ತೇನೆ.