ಐದನೆಯ ಸದಸ್ಯನ ಅನುಮೋದನೆ

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕಾಲಿನ್ ತನ್ನದೇ ಸಹಿಯನ್ನು ನೋಡಿ ಬೆಚ್ಚಿಬಿದ್ದ. ಸಹಿ ಅವನದಕ್ಕಿಂತ ಚೆನ್ನಾಗಿತ್ತು.

ಡ್ಯಾನ್ಯೂಬ್ ನದಿ ತೀರದ 'ಲಿಪಾ' ವೃದ್ಧಾಶ್ರಮದಲ್ಲಿ ಪ್ರತಿಯೊಬ್ಬ ನೌಕರನೂ ಕೆಲಸಕ್ಕೆ ಇಳಿಯುವ ಮುನ್ನ ಸುರಕ್ಷತಾ ಪುಸ್ತಕದಲ್ಲಿ ಸಹಿ ಹಾಕಬೇಕು: ಇಂದಿನ ಅಪಾಯಗಳನ್ನು ನನಗೆ ತಿಳಿಸಲಾಗಿದೆ, ಇಪ್ಪತ್ತೈದು ಕಿಲೋಗಿಂತ ಹೆಚ್ಚಿನ ಭಾರವನ್ನು ಒಬ್ಬನೇ ಎತ್ತುವುದಿಲ್ಲ, ಇತ್ಯಾದಿ. ಕಾಲಿನ್ ಅಲ್ಲಿಯ ಫಿಸಿಯೋಥೆರಪಿಸ್ಟ್. ಮೂರು ವಾರಗಳ ಹಿಂದೆ, ಅವನು ಕೈ ತೊಳೆಯಲು ಹೋಗಿದ್ದ ಎರಡು ನಿಮಿಷಗಳಲ್ಲಿ, ಅವನನ್ನು ನೌಕರರ ಸುರಕ್ಷತಾ ಸಮಿತಿಗೆ ಸರ್ವಾನುಮತದಿಂದ ಆರಿಸಿಬಿಟ್ಟಿದ್ದರು. ಬೇರೆ ಯಾರೇ ಆಗಿದ್ದರೂ ಅದನ್ನು ಅಷ್ಟಕ್ಕೇ ಮರೆಯುತ್ತಿದ್ದರು. ಕಾಲಿನ್ ಪುಸ್ತಕವನ್ನು ತೆರೆದು ಓದಿದ. ಆಗಿನ್ನೂ ಮಾರ್ಚ್ ತಿಂಗಳು. ಸಹಿಗಳು ಡಿಸೆಂಬರ್ ಮೂವತ್ತೊಂದರವರೆಗೂ ಬಿದ್ದಿದ್ದವು. ಇಪ್ಪತ್ತಾರು ನೌಕರರವೂ ಒಂದೇ ನೀಲಿ ಶಾಯಿಯಲ್ಲಿ, ಒಂದೇ ಓರೆಯಲ್ಲಿ.

ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಕಚೇರಿಗೆ ನುಗ್ಗಿದ. ಗುಮಾಸ್ತೆ ಸ್ನೆಝಾನಾ ಕಾಫಿ ಕಲಕುತ್ತಿದ್ದಳು.

"ಇಲ್ಲಿ ನನ್ನ ಸಹಿ ಹಾಕಿದ್ಯಾರು?"

"ನಾನೇ. ದಿನಾ ಇಪ್ಪತ್ತಾರು ಜನರ ಹಿಂದೆ ಪುಸ್ತಕ ಹಿಡ್ಕೊಂಡು ಯಾರು ಓಡ್ತಾರೆ? ಜನವರಿ ರಜೇಲಿ ಕೂತು ಇಡೀ ವರ್ಷದ್ದು ಮುಗಿಸಿದೆ. ಒಬ್ಬರಾದ್ರೂ ಒಂದು ಒಳ್ಳೆ ಮಾತು ಆಡ್ಲಿಲ್ಲ."

"ಆಗಸ್ಟ್‌ನಲ್ಲಿ ನಾನು ಎರಡು ವಾರ ಇಲ್ಲಿರೋದೇ ಇಲ್ಲ."

"ಗೊತ್ತು. ಆದ್ರೂ ಹಾಕಿದ್ದೀನಿ. ಯಾವುದಕ್ಕೂ ಇರ್ಲಿ ಅಂತ."

ಕಾಲಿನ್‌ನ ಕಿವಿಗಳು ಚಳಿಗಾಲದ ಚಟ್ನಿಗೆಂದು ಸುಡುವ ದಪ್ಪ ಮೆಣಸಿನಕಾಯಿಯಂತೆ ಕೆಂಪಾದವು. ಹೊಸ ಪುಸ್ತಕವೊಂದನ್ನು ಹಠ ಹಿಡಿದು ಕಪಾಟಿನಿಂದ ತೆಗೆಸಿದ. ಹನ್ನೊಂದು ನಿಯಮಗಳನ್ನೂ ಅಲ್ಲಿಯೇ ನಿಂತು ಗಟ್ಟಿಯಾಗಿ ಓದಿದ. 'ತಿಳಿದುಕೊಂಡವರು' ಎಂಬಲ್ಲಿ ಸಹಿ ಹಾಕಿದ. 'ತಿಳಿಸಿದವರು' ಎಂಬಲ್ಲಿ ಸಹಿ ಹಾಕಲು ಬೇರೆ ಯಾರೂ ಮುಂದೆ ಬಾರದ್ದರಿಂದ ಅಲ್ಲಿಯೂ ತಾನೇ ಹಾಕಿದ.

"ಇದು ಸಹಿ ಅಂದ್ರೆ. ಇದನ್ನ ಯಾವ ನ್ಯಾಯಾಲಯದಲ್ಲೂ ಅಲ್ಲಗಳೆಯೋಕೆ ಆಗಲ್ಲ," ಎಂದ.

"ಅಕ್ಷರ ಮಾತ್ರ ಕೋಳಿ ಕೆದಕಿದ ಹಾಗಿದೆ," ಎಂದಳು ಸ್ನೆಝಾನಾ.

ಕೋಪ ಅಲ್ಲಿಗೇ ನಿಂತಿದ್ದರೆ ದಿನ ಹೇಗೋ ಕಳೆಯುತ್ತಿತ್ತು. ಆದರೆ ಹೊರಗೆ ಬಂದಾಗ ಏಳನೆಯ ಕೋಣೆಯ ಮುಂದೆ ಪರಿಚಾರಕಿ ಗಿನ್ಕಾ ಚಿಕ್ಕಮ್ಮ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದರು. ಅವರಿಗೆ ಐವತ್ತೆಂಟು ವರ್ಷ. ಮೆತೋದಿ ಅಜ್ಜನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಸಾಗಿಸುವುದು ಅವರ ಪಾಲಿನ ಕೆಲಸ. ನಿವೃತ್ತ ಸ್ಟೇಷನ್ ಮಾಸ್ಟರ್ ಆದ ಅಜ್ಜನ ತೂಕ ನೂರ ಹನ್ನೆರಡು ಕಿಲೋ.

"ಮತ್ತೆ ಸೊಂಟಾನಾ ಚಿಕ್ಕಮ್ಮ?"

"ಸೊಂಟ ಎಲ್ಲಿದೆ ಮಗಾ ಈಗ. ಅದಿದ್ದ ಜಾಗದಲ್ಲಿ ನೋವಿದೆ, ಅಷ್ಟೇ."

ಅಜ್ಜನಂಥವರನ್ನು ಎತ್ತಲೆಂದೇ ದಾನವಾಗಿ ಬಂದ ಯಂತ್ರವೊಂದು ಎಂಟು ತಿಂಗಳಿಂದ ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಅದನ್ನು ಮೇಲೆ ತರಲು ಸುರಕ್ಷತಾ ಸಮಿತಿಯ ನಿರ್ಣಯ ಬೇಕು. ಕಾಲಿನ್ ನೇರವಾಗಿ ನಿರ್ದೇಶಕಿ ರಯ್ನಾ ಮೇಡಂ ಅವರ ಬಾಗಿಲು ತಟ್ಟಿದ.

"ಮೇಡಂ, ಸಭೆ ಕರೀರಿ. ಇವತ್ತೇ. ಇಲ್ಲಾಂದ್ರೆ ನಾಳೆ ಗಿನ್ಕಾ ಚಿಕ್ಕಮ್ಮನಿಗೂ ಒಂದು ಹಾಸಿಗೆ ಹಾಕ್ಬೇಕಾಗುತ್ತೆ."

"ಕರೀಬಹುದಪ್ಪ. ಆದ್ರೆ ಐದು ಜನ ಸದಸ್ಯರೂ ಇರ್ಬೇಕಲ್ಲ. ನಾನು, ನೀನು, ಸ್ನೆಝಾನಾ, ರಿಪೇರಿ ಸ್ಪಾಸ್, ಸ್ಟೊಯ್ಮೆನ್."

"ಸ್ಟೊಯ್ಮೆನ್ ತೀರಿಕೊಂಡು ಎರಡು ವರ್ಷ ಆಯ್ತು ಮೇಡಂ."

"ರಾಜೀನಾಮೆ ಕೊಟ್ಟಿಲ್ಲ."

ಕಾಲಿನ್ ಹಳೆಯ ನಡಾವಳಿಗಳನ್ನು ತಿರುವಿ ನೋಡಿದ. ಹಿರಿಯ ಪರಿಚಾರಕ ಸ್ಟೊಯ್ಮೆನ್ ಮರಣಾನಂತರ ಎಂಟು ಸಭೆಗಳಿಗೆ ಹಾಜರಾಗಿದ್ದ. ಒಂದರಲ್ಲಿ ಕಿಟಕಿಗಳ ಬಗ್ಗೆ ಸಲಹೆಯನ್ನೂ ಕೊಟ್ಟಿದ್ದ. ಎರಡು ವರ್ಷ ತುಂಬಿದ ನೆನಪಿಗೆ ಅವನ ಹೆಂಡತಿ ಹಿಂದಿನ ವಾರವಷ್ಟೇ ಅವನ ಫೋಟೋ ಇರುವ ಸಾವಿನ ಪ್ರಕಟಣೆಯನ್ನು ಆಶ್ರಮದ ಮುಖ್ಯದ್ವಾರಕ್ಕೆ ಅಂಟಿಸಿ ಹೋಗಿದ್ದಳು. ಬಾಗಿಲಿನಲ್ಲಿ ಅವನು ಸತ್ತಿದ್ದ. ನಾಲ್ಕು ಹೆಜ್ಜೆ ಒಳಗೆ, ಕಪಾಟಿನಲ್ಲಿ, ಕಿಟಕಿಗಳ ಚಿಂತೆ ಮಾಡುತ್ತಿದ್ದ.

ಸಭೆ ಹನ್ನೆರಡಕ್ಕೆ ಸೇರಿತು. ಸ್ಟೊಯ್ಮೆನ್‌ನ ಹೆಂಡತಿ ತಿಥಿಗೆಂದು ಕಳುಹಿಸಿದ, ಬೇಯಿಸಿ ಸಕ್ಕರೆ ಬೆರೆಸಿದ ಗೋಧಿಯನ್ನು ಸ್ನೆಝಾನಾ ಕಾಗದದ ಲೋಟಗಳಲ್ಲಿ ಹಂಚಿದಳು. "ದೇವರು ಅವನನ್ನ ಕ್ಷಮಿಸಲಿ," ಎಂದು ಒಂದು ಚಮಚ ಬಾಯಿಗಿಟ್ಟು, ಹಾಜರಿಯಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕಿದಳು.

ಕಾಲಿನ್ ಆ ಗುರುತನ್ನು ಕಂಡ, ಬಾಯಿ ತೆರೆದ, ಗಿನ್ಕಾ ಚಿಕ್ಕಮ್ಮನ ಸೊಂಟ ನೆನಪಾಯಿತು, ಬಾಯಿ ಮುಚ್ಚಿದ.

"ಯಂತ್ರ ಮೇಲೆ ಬಂದು ಕೆಟ್ಟುಹೋದ್ರೆ ಯಾರು ಉತ್ತರ ಕೊಡ್ತಾರೆ?" ಎಂದರು ರಯ್ನಾ ಮೇಡಂ. "ಕೆಳಗಿದ್ರೆ ಕೆಡಲ್ಲ. ತಪಾಸಣೆಗೆ ಬಂದವರಿಗೆ ಹೊಸದಾಗೇ ತೋರಿಸಬಹುದು. ನಾನು ವಿರೋಧ."

"ಮೆಟ್ಟಿಲ ಮೇಲೆ ಹೊರೋನು ನಾನು," ಎಂದ ಸ್ಪಾಸಣ್ಣ. "ನಾನೂ ವಿರೋಧ."

"ನಾನು ಪರ," ಎಂದಳು ಸ್ನೆಝಾನಾ. "ಈ ಮನುಷ್ಯ ಸುಮ್ಮನಾದ್ರೆ ಸಾಕು."

ಕಾಲಿನ್‌ನ ಮತವೂ ಸೇರಿ ಎರಡಕ್ಕೆ ಎರಡು. ನಾಲ್ವರೂ ಖಾಲಿ ಕುರ್ಚಿಯನ್ನು ನೋಡಿದರು.

ಕಾಲಿನ್‌ನ ಕೋಪ ಅಲ್ಲಿಯವರೆಗೆ ಬೇರೆಯವರ ಮೇಲಿತ್ತು. ಮುಂದಿನ ಮಾತನ್ನು ಆಡುವಾಗ ಅದರಲ್ಲಿ ಸ್ವಲ್ಪ ಭಾಗ ತನ್ನ ಮೇಲೂ ತಿರುಗಿತು. "ಸ್ಟೊಯ್ಮೆನ್ ಮೂವತ್ತು ವರ್ಷ ಜನರನ್ನ ಎತ್ತಿ ಎತ್ತಿ ಬೆನ್ನು ಮುರ್ಕೊಂಡವರು. ಅವರು ಪರವಾಗಿ ಕೈ ಎತ್ತಿದ್ದಾರೆ."

ಮೇಡಂ ಚಮಚ ಕೆಳಗಿಟ್ಟರು. "ನೀನೇ ಹೇಳ್ತಿದ್ದೀಯಾ?"

"ಹೌದು. ನಾನೇ."

"ಸ್ನೆಝಾನಾ, ಅವನು ಹೇಳಿದ ಹಾಗೇ ಬರ್ಕೊ."

ಯಂತ್ರವನ್ನು ತರಲು ನೆಲಮಾಳಿಗೆಗೆ ಇಳಿದಾಗ ಸ್ಪಾಸಣ್ಣ ಬಾಯ್ಲರಿನ ಮುಂದೆ ಒಂದು ಗಳಿಗೆ ನಿಂತು, ಅದರ ಹೊಳೆಯುವ ಕೆಂಪು ಹಿಡಿಯನ್ನು ಕರವಸ್ತ್ರದಿಂದ ಒರೆಸಿದ. "ಹಳೇದು ಮುರಿದಿತ್ತು. ಇದು ಎಷ್ಟು ಚೆನ್ನಾಗಿ ಕೂತಿದೆ ನೋಡು," ಎಂದ ಹೆಮ್ಮೆಯಿಂದ. ಕಾಲಿನ್ ನೋಡಿದ. ಅರ್ಥವಾದದ್ದು ಮಾತ್ರ ಆಮೇಲೆ.

ಕೈಪಿಡಿಯ ಪ್ರಕಾರ ಬ್ಯಾಟರಿಯನ್ನು ಎಂಟು ಗಂಟೆ ಚಾರ್ಜ್ ಮಾಡಬೇಕಿತ್ತು. ಮೇಡಂ ಎರಡು ಗಂಟೆಗೆ ಪುರಸಭೆಗೆ ಹೋಗಬೇಕಾದ್ದರಿಂದ ಒಂದು ಗಂಟೆ ಸಿಕ್ಕಿತು. ಏಳನೆಯ ಕೋಣೆಯಲ್ಲಿ ಅಡುಗೆಯವರಿಂದ ಹಿಡಿದು ಎಲ್ಲರೂ ನೆರೆದಿದ್ದರು. ಕಾಲಿನ್ ಪಟ್ಟಿಗಳನ್ನು ಬಿಗಿದು ಗುಂಡಿ ಒತ್ತಿದ. ಮೆತೋದಿ ಅಜ್ಜ ಹಾಸಿಗೆಯಿಂದ ಮೆಲ್ಲನೆ ಮೇಲೆದ್ದು, ಮುಕ್ಕಾಲು ಮೀಟರ್ ಎತ್ತರದಲ್ಲಿ ತೊಟ್ಟಿಲ ಕೂಸಿನಂತೆ ತೂಗಾಡಿದ.

"ಒಂದನೇ ಪ್ಲಾಟ್‌ಫಾರ್ಮ್‌ನಿಂದ ಗಾಡಿ ಹೊರಟಿದೆ," ಎಂದು ಅಜ್ಜ ಘೋಷಿಸಿದ. ಗಿನ್ಕಾ ಚಿಕ್ಕಮ್ಮ ಎಷ್ಟೋ ತಿಂಗಳುಗಳ ನಂತರ ನಕ್ಕರು.

ಯಂತ್ರ ಮೂರು ಬಾರಿ ಕೀಚಲು ದನಿ ಹೊರಡಿಸಿ ಸತ್ತಿತು.

"ಗಾಬರಿ ಬೇಡ. ಕೈಯಿಂದ ಇಳಿಸೋಕೆ ಒಂದು ಕೆಂಪು ಹಿಡಿ ಇರುತ್ತೆ," ಎಂದು ಕಾಲಿನ್ ಕಂಬವನ್ನು ತಡವಿದ. ಹಿಡಿ ಇರಬೇಕಾದಲ್ಲಿ ತೂತು ಇತ್ತು. ನಿಧಾನವಾಗಿ ಸ್ಪಾಸಣ್ಣನ ಕಡೆಗೆ ತಿರುಗಿದ.

"ಎಂಟು ತಿಂಗಳು ಸುಮ್ನೆ ಇತ್ತಲ್ಲಪ್ಪ," ಎಂದ ಸ್ಪಾಸಣ್ಣ. "ಈಗ ಕಿತ್ತರೆ ಇಡೀ ಮನೆಗೆ ಕುದಿಯೋ ನೀರು ನುಗ್ಗುತ್ತೆ. ಬಾಯ್ಲರ್ ಆರೋಕೆ ಸಂಜೆ ಆಗ್ಬೇಕು."

"ಸಂಜೆ ತನಕ ಅಜ್ಜ ನೇತಾಡ್ಬೇಕಾ?"

"ನನಗೇನೂ ತೊಂದರೆ ಇಲ್ಲ," ಎಂದ ಅಜ್ಜ ಮೇಲಿನಿಂದ. "ಆದ್ರೆ ನಾನು ಒಂದಕ್ಕೆ ಹೋಗ್ಬೇಕು. ಐದು ನಿಮಿಷ ಕೊಡ್ತೀನಿ. ಆಮೇಲೆ ಕೆಳಗಿರೋರು ಛತ್ರಿ ಹಿಡೀರಿ."

ನೆರೆದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಗಿನ್ಕಾ ಚಿಕ್ಕಮ್ಮ ಮಾತ್ರ ಅಭ್ಯಾಸಬಲದಿಂದ ತೋಳು ಚಾಚಿ ಮುಂದೆ ಬಂದರು.

"ನೀವು ಮುಟ್ಟಬೇಡಿ," ಎಂದು ಗದರಿದ ಕಾಲಿನ್. ಸಹಾಯಕ್ಕಾಗಿ ಸುತ್ತ ನೋಡಿದ. ಸ್ಪಾಸಣ್ಣ ಗಡಿಯಾರ ನೋಡುತ್ತಿದ್ದ. ಮೇಡಂ ಫೋನ್ ನೋಡುತ್ತಿದ್ದರು. ಕಾಲಿನ್ ಹಲ್ಲು ಕಚ್ಚಿ ಅಜ್ಜನ ಕೆಳಗೆ ಭುಜ ಕೊಟ್ಟು, ಪಟ್ಟಿ ಬಿಚ್ಚಿ, ನೂರ ಹನ್ನೆರಡು ಕಿಲೋವನ್ನು ಕುರ್ಚಿಗೆ ಇಳಿಸಿದ. ಅಜ್ಜ ಕ್ಷೇಮವಾಗಿ ಕುಳಿತ. ಕಾಲಿನ್‌ನ ಸೊಂಟದಿಂದ ಒಣ ಪುಳ್ಳೆ ಮುರಿದಂಥ ಸದ್ದು ಬಂತು. ಬಾಗಿದವನು ಮತ್ತೆ ನೆಟ್ಟಗಾಗಲಿಲ್ಲ.

ಎಕ್ಸ್‌ರೇ ಮುಗಿಸಿ, ಆರು ವಾರ ಅಲುಗಬಾರದೆಂಬ ಆಜ್ಞೆಯೊಂದಿಗೆ ಅವನನ್ನು ಮನೆಗೆ ತಂದು ಮಲಗಿಸುವಷ್ಟರಲ್ಲಿ ಸಂಜೆ ಆರಾಗಿತ್ತು. ಗಿನ್ಕಾ ಚಿಕ್ಕಮ್ಮ ಚೀಸ್ ತುಂಬಿದ ಬಿಸಿ ಬಾನಿತ್ಸಾ ಮತ್ತು ಮಡಚಿದ ಎರಡು ಹಾಳೆಗಳೊಂದಿಗೆ ಬಂದರು.

"ನಾಲ್ಕು ಗಂಟೆಗೆ ತುರ್ತು ಸಭೆ ಮಾಡಿದ್ರು, ಮಗಾ. ನಿನಗೊಂದು ಪ್ರತಿ ಕೊಡ್ಬೇಕಂತೆ, ನಿಯಮ ಅಂತೆ."

"ಒಳ್ಳೇದಾಯ್ತು. ಸ್ಪಾಸಣ್ಣನ ಹಿಡಿ ವಿಷಯ ಬರೆದಿದ್ದಾರಾ?"

"ನೀನೇ ಓದು," ಎಂದು ಚಿಕ್ಕಮ್ಮ ಕಿಟಕಿಯತ್ತ ಮುಖ ತಿರುಗಿಸಿದರು.

ಮೊದಲ ಹಾಳೆಯಲ್ಲಿ ಅಪಘಾತದ ಕಾರಣವಿತ್ತು. ಇಪ್ಪತ್ತೈದು ಕಿಲೋಗಿಂತ ಹೆಚ್ಚಿನ ಭಾರವನ್ನು ಒಬ್ಬನೇ ಎತ್ತಬಾರದೆಂದು ನೌಕರನಿಗೆ ಅದೇ ದಿನ ಬೆಳಿಗ್ಗೆ ತಿಳಿಸಲಾಗಿತ್ತು, ತಿಳಿದುಕೊಂಡವರ ಸಹಿ ಅವನದೇ, ತಿಳಿಸಿದವರ ಸಹಿಯೂ ಅವನದೇ, ಎರಡೂ ಅಸಲಿ. ಆದ್ದರಿಂದ ಸಂಪೂರ್ಣ ತಪ್ಪು ನೌಕರನದು.

"ಹಳೇ ಪುಸ್ತಕ ಇದ್ದಿದ್ರೆ ಆ ಸಹಿ ನನ್ನದಲ್ಲ ಅನ್ನಬಹುದಿತ್ತು," ಎಂದು ಕಾಲಿನ್ ಚಾವಣಿಗೆ ಹೇಳಿದ. ಎರಡನೆಯ ಹಾಳೆಯನ್ನು ತಿರುವಿದ. ಹಾಜರಿದ್ದವರು: ಐವರು.

"ಐವರಾ? ನಾನು ನಾಲ್ಕು ಗಂಟೆಗೆ ಎಕ್ಸ್‌ರೇ ಮೇಜಿನ ಮೇಲಿದ್ದೆ."

"ನಾನೂ ಅದನ್ನೇ ಕೇಳಿದೆ ಮಗಾ. ಬರದೇ ಇದ್ದವರೂ ಕೈ ಎತ್ತಬಹುದು ಅಂತ ಮಧ್ಯಾಹ್ನ ನೀನೇ ಹೇಳಿದ್ಯಂತೆ. ಮೇಡಂ ಬರೆಸಿಟ್ಟಿದ್ದಾರೆ." ಅವರು ಸೊಂಟಕ್ಕೆ ಕೈ ಕೊಟ್ಟು ಎದ್ದರು. "ಬಾನಿತ್ಸಾ ಆರೋಕೆ ಮುಂಚೆ ತಿನ್ನು. ನಾನು ಬೇಗ ಮಲಗ್ಬೇಕು. ಬೆಳಿಗ್ಗೆ ಏಳಕ್ಕೆ ಅಜ್ಜನ್ನ ಎತ್ತಬೇಕಲ್ಲ."

ಕಾಲಿನ್ ಕೊನೆಯ ಸಾಲುಗಳನ್ನು ಓದಿದ. ನಿರ್ಣಯ: ಅಪಾಯಕಾರಿಯಾದ ಎತ್ತುವ ಯಂತ್ರವನ್ನು ಕಾಯಂ ಆಗಿ ನೆಲಮಾಳಿಗೆಗೆ ಮರಳಿಸತಕ್ಕದ್ದು. ಸೂಚಿಸಿದವರು, ಕಾಲಿನ್. ಅನುಮೋದಿಸಿದವರು, ಸ್ಟೊಯ್ಮೆನ್. ಕೆಳಗೆ ಇಬ್ಬರ ಸಹಿಗಳೂ ಅಕ್ಕಪಕ್ಕದಲ್ಲಿ ಇದ್ದವು. ಒಂದೇ ನೀಲಿ ಶಾಯಿಯಲ್ಲಿ, ಒಂದೇ ಓರೆಯಲ್ಲಿ.